ಅಲ್ಲಿ ವಾಪಸ್ ಬಂತು, ಇಲ್ಲಿ ಹೋಯಿತು: ಜರ್ಮನಿ ಡೆಪ್ಯುಟೇಶನ್ನಿನ ಟ್ಯಾಕ್ಸ್ ಪುರಾಣ

"ಆರು ತಿಂಗಳೊಳಗೆ ವಾಪಸ್ ಬಂದ್ರೆ ಅಲ್ಲಿ ಟ್ಯಾಕ್ಸ್ ಇಲ್ಲ." ಹೊರದೇಶಕ್ಕೆ ಕೆಲಸದ ಮೇಲೆ ಹೊರಟವರಿಗೆ ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದರೂ ಈ ಮಾತು ಹೇಳಿಯೇ ಹೇಳುತ್ತಾರೆ. ನನಗೂ ಹೇಳಿದ್ದರು. ಪೂರ್ತಿ ಸುಳ್ಳಲ್ಲ. ಆದರೆ ಇದು ಅರ್ಧ ಮಾತು, ಅಷ್ಟನ್ನೇ ನಂಬಿಕೊಂಡು ವಿಮಾನ ಹತ್ತಿದರೆ ಮುಂದೆ ಪಜೀತಿ ತಪ್ಪಿದ್ದಲ್ಲ.

ನಾನು ಬೆಂಗಳೂರಿನಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವವನು. 2022ರ ನವೆಂಬರ್‌ನಿಂದ 2024ರ ಜುಲೈ ಕೊನೆಯವರೆಗೆ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೆ. ಕೆಲಸ ಮುಗಿಸಿ ಊರಿಗೆ ಬಂದೆ. ಆದರೆ ತೆರಿಗೆ ವ್ಯವಹಾರ ಮುಗಿಯೋಕೆ 2025 ಬೇಕಾಯಿತು. ಅಲ್ಲಿಯ ಚಳಿ, ಭಾಷೆ, ಮನೆ ಹುಡುಕಾಟದ ಬಗ್ಗೆ ಬೇಕಾದಷ್ಟು ಜನ ಹೇಳುತ್ತಾರೆ. ಸಂಬಳದ ತೆರಿಗೆ ವಿಷಯ ಬಂದರೆ ಮಾತ್ರ "ಅದನ್ನ ಆಡಿಟರ್ ನೋಡ್ಕೋತಾರೆ ಬಿಡಿ" ಅಂತ ಮುಗಿಸಿಬಿಡುತ್ತಾರೆ. ಆಡಿಟರ್ ನೋಡಿಕೊಳ್ಳುತ್ತಾರೆ ನಿಜ. ಆದರೆ ಅವರಿಗೆ ಬೇಕಾದ ಕಾಗದ ಎಲ್ಲ ಇರುವುದು ನಮ್ಮ ಹತ್ತಿರ, ಅಲ್ವಾ?

ಮೊದಲು ಆ ಆರು ತಿಂಗಳ, ಅಂದರೆ 183 ದಿನದ ವಿಷಯ. ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದಂತೆ ಭಾರತ ಮತ್ತು ಜರ್ಮನಿ ಒಪ್ಪಂದ ಮಾಡಿಕೊಂಡಿವೆ. ಅದರ 15ನೇ ವಿಧಿ ಸಂಬಳದ್ದು. ಕೂತು ಕೆಲಸ ಮಾಡುವುದು ಯಾವ ದೇಶದಲ್ಲೋ, ಆ ಸಂಬಳಕ್ಕೆ ತೆರಿಗೆ ಹಾಕುವ ಹಕ್ಕು ಆ ದೇಶಕ್ಕೆ. ಮೂಲ ನಿಯಮ ಇದು. 183 ದಿನ ಇದಕ್ಕೊಂದು ವಿನಾಯಿತಿ. ಅದು ಸಿಗಬೇಕಾದರೆ ಮೂರು ಷರತ್ತೂ ಕೂಡಿ ಬರಬೇಕು. ಅಲ್ಲಿ 183 ದಿನಕ್ಕಿಂತ ಜಾಸ್ತಿ ಇರಬಾರದು, ಸಂಬಳ ಕೊಡುವ ಕಂಪನಿ ಅಲ್ಲಿಯದಾಗಿರಬಾರದು, ಆ ಸಂಬಳದ ಖರ್ಚು ಅಲ್ಲಿಯ ಶಾಖೆಯ ಲೆಕ್ಕಕ್ಕೆ ಹೋಗಬಾರದು. ಕ್ಯಾಂಟೀನಿನಲ್ಲಿ ಹೇಳುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

ಇದನ್ನು ನನಗೆ ಬಿಡಿಸಿ ಹೇಳಿದ್ದು ಅಲ್ಲಿ ಹತ್ತು ವರ್ಷದಿಂದ ಇದ್ದ ಧಾರವಾಡದ ಸಹೋದ್ಯೋಗಿ. "ದಿನಾ ಎಣಿಸಿ ಏನ್ ಮಾಡ್ತೀಪಾ? ನಿನ್ನ ರೊಕ್ಕ ಕಡೀಕ ಯಾರ ಕಿಸೆದಾಗಿಂದ ಹೊಕ್ಕೈತಿ, ಅದನ್ನ ನೋಡು" ಎಂದರು. ಬೆಂಗಳೂರಿನ ಕಂಪನಿಯೇ ಸಂಬಳ ಹಾಕಿದರೂ, ಅದನ್ನು ಜರ್ಮನಿಯ ಕಂಪನಿಗೆ ಬಿಲ್ ಮಾಡಿ ವಸೂಲಿ ಮಾಡಿಕೊಂಡರೆ, ನೀವು ಅವರ ಕೈಕೆಳಗೇ ಕೆಲಸ ಮಾಡುತ್ತಿದ್ದರೆ, ಜರ್ಮನಿಯವರ ಕಣ್ಣಿಗೆ ನಿಜವಾದ ಮಾಲೀಕ ಜರ್ಮನ್ ಕಂಪನಿಯೇ. ಆಗ ಮೊದಲ ದಿನದಿಂದಲೇ ಅಲ್ಲಿ ತೆರಿಗೆ. ಎರಡೇ ತಿಂಗಳಿಗೆ ಹೋದವರಿಗೂ ಇದು ತಗಲಬಹುದು.

ನನ್ನದು ಇಷ್ಟು ಸೂಕ್ಷ್ಮದ ವಿಷಯ ಆಗಲಿಲ್ಲ. ಇಲ್ಲಿಯ ಸಂಬಳ ನಿಲ್ಲಿಸಿ, ಅಲ್ಲಿಯ ಕಂಪನಿ ಜೊತೆ ನೇರ ಒಪ್ಪಂದ ಮಾಡಿಸಿದ್ದರು. ಸಂಬಳ ಯೂರೋದಲ್ಲಿ, ತೆರಿಗೆ ಅಲ್ಲಿ. ಹಾಗಾದರೆ ಭಾರತಕ್ಕೂ ನನಗೂ ಏನು ಸಂಬಂಧ ಅಂತ ಅನಿಸುವುದು ಸಹಜ. ಸಂಬಂಧ ಇತ್ತು. ಅದಕ್ಕೆ ಕಾರಣ ನಾನು ಹೊರಟ ತಿಂಗಳು.

ನಮ್ಮ ಆದಾಯ ತೆರಿಗೆ ಕಾಯ್ದೆ ಲೆಕ್ಕ ಹಾಕುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಕೆಲಸಕ್ಕೆಂದು ಹೊರದೇಶಕ್ಕೆ ಹೊರಡುವ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಭಾರತದಲ್ಲಿದ್ದರೆ ನೀವು ಇಲ್ಲಿಯ ನಿವಾಸಿ. ನಿವಾಸಿ ಆದಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದದ್ದೂ ಇಲ್ಲಿಯ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ 1ರಿಂದ ಎಣಿಸಿದರೆ 182ನೇ ದಿನ ಬೀಳುವುದು ಸೆಪ್ಟೆಂಬರ್ 29ಕ್ಕೆ. ನಮ್ಮ ಟೀಮಿನಲ್ಲೇ ಒಬ್ಬ ಹುಡುಗ ಗಣೇಶನ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಹೊರಟ. ಆ ವರ್ಷಕ್ಕೆ ಅವನು ಅನಿವಾಸಿ, ಅವನ ಜರ್ಮನ್ ಸಂಬಳ ಇಲ್ಲಿ ಲೆಕ್ಕಕ್ಕೇ ಇಲ್ಲ. ನನ್ನ ವೀಸಾ ಬಂದದ್ದೇ ಅಕ್ಟೋಬರ್ ನಡುವೆ. ನಾನು ನಿವಾಸಿ. ಇಬ್ಬರದೂ ಒಂದೇ ಕೆಲಸ, ಒಂದೇ ಕಟ್ಟಡ, ಹೆಚ್ಚುಕಮ್ಮಿ ಒಂದೇ ಸಂಬಳ.

ನನ್ನ ತಂದೆಯ ಕಾಲದಿಂದಲೂ ನಮ್ಮ ಮನೆ ಲೆಕ್ಕ ನೋಡುವ ಆಡಿಟರು ಬಸವನಗುಡಿಯಲ್ಲಿದ್ದಾರೆ. ಹೊರಡುವ ಮೊದಲು ಅವರನ್ನು ನೋಡಲು ಹೋಗಿದ್ದೆ. ಟೇಬಲ್ ಮೇಲಿನ ಕ್ಯಾಲೆಂಡರನ್ನು ನನ್ನ ಕಡೆ ತಿರುಗಿಸಿ ಹೇಳಿದರು: "ನೋಡಪ್ಪಾ, ಅವರ ವರ್ಷ ಜನವರಿಗೆ ಶುರು, ನಮ್ಮದು ಏಪ್ರಿಲ್‌ಗೆ. ಜನವರಿ, ಫೆಬ್ರವರಿ, ಮಾರ್ಚ್, ಈ ಮೂರು ತಿಂಗಳೇ ನಿನ್ನನ್ನ ಕಾಡೋದು. ಒಂದೊಂದು ತಿಂಗಳ ಸ್ಲಿಪ್ಪೂ ಬೇರೆಬೇರೆ ಇಡು." ಕಲ್ಲು ಚಪ್ಪಡಿ ಎಷ್ಟೇ ನುಣ್ಣಗಿದ್ದರೂ ನೀರು ನಿಲ್ಲುವುದು ಎರಡರ ನಡುವಿನ ಸಂದಿಯಲ್ಲಿ ತಾನೇ. ಮುಂದೆ ಆದದ್ದೆಲ್ಲ ಆ ಸಂದಿಯ ಕಥೆ.

ಜರ್ಮನಿಯಲ್ಲಿ ಇಳಿದು ಮನೆ ಸಿಕ್ಕಮೇಲೆ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಊರಿನ ನಾಗರಿಕ ಕಚೇರಿಯಲ್ಲಿ ಒಂದು ಫಾರ್ಮ್. ಅದರಲ್ಲಿ ಧರ್ಮ ಯಾವುದು ಅಂತ ಕೇಳುತ್ತಾರೆ. ಸುಮ್ನೆ ಕೇಳುವುದಲ್ಲ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಅಂತ ಬರೆದರೆ ಸಂಬಳದಿಂದ ಚರ್ಚ್ ತೆರಿಗೆ ಕತ್ತರಿಸುತ್ತಾರೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇಕಡಾ 8. ಬವೇರಿಯಾದಲ್ಲೂ 8, ಉಳಿದ ಕಡೆ 9. ಮಂಗಳೂರಿನ ಕ್ಯಾಥೊಲಿಕ್ ಗೆಳೆಯನೊಬ್ಬ ಮೊದಲ ಸ್ಲಿಪ್ ನೋಡಿ, "ಚರ್ಚಿಗೆ ಕೊಡೋದು ಇದ್ದದ್ದೇ ಮಾರಾಯ, ಆದ್ರೆ ಸರಕಾರ ವಸೂಲಿ ಮಾಡಿ ಕೊಡ್ತದೆ ಅಂತ ಗೊತ್ತಿರ್ಲಿಲ್ಲ" ಎಂದು ನಕ್ಕಿದ್ದ. ನಮ್ಮಂಥವರಿಗೆ ಆ ಅಂಕಣ ಖಾಲಿ.

ನೋಂದಣಿ ಆದ ಕೆಲವು ವಾರಕ್ಕೆ ಅಂಚೆಯಲ್ಲಿ 11 ಅಂಕಿಯ ತೆರಿಗೆ ನಂಬರ್ ಬರುತ್ತದೆ. ನಮ್ಮ ಪ್ಯಾನ್ ಇದ್ದ ಹಾಗೆ, ಜೀವನಪೂರ್ತಿ ಒಂದೇ. ಅದನ್ನು ಕಂಪನಿಗೆ ಕೊಟ್ಟಮೇಲೆ ನಿಮ್ಮ ತೆರಿಗೆ ವರ್ಗ ನಿಗದಿಯಾಗುತ್ತದೆ. ಒಟ್ಟು ಆರು ವರ್ಗ ಇವೆ. ನನಗೆ ಮದುವೆಯಾಗಿದೆ, ಆದರೆ ಹೆಂಡತಿ ಆಗಿನ್ನೂ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಳು. ಹೆಂಡತಿಯೂ ಜರ್ಮನಿಯಲ್ಲಿ ವಾಸ ಇದ್ದರೆ ಮಾತ್ರ ಗಂಡ ಹೆಂಡತಿ ಲೆಕ್ಕ. ಹಾಗಾಗಿ ನನಗೆ ಒಂಟಿಯವರ ವರ್ಗ, ಅಂದರೆ ಒಂದನೆಯದು.

ಮೊದಲ ಪೇಸ್ಲಿಪ್ ನೋಡಿದಾಗ ತೆರಿಗೆಗಿಂತ ಬೇರೆ ಕಡಿತಗಳೇ ಜಾಸ್ತಿ ಕಣ್ಣಿಗೆ ಹೊಡೆದವು. ಪೆನ್ಷನ್‌ಗೆ ಶೇಕಡಾ 9.3, ಆರೋಗ್ಯ ವಿಮೆಗೆ ಶೇಕಡಾ 7.3 ಮತ್ತು ಅದರ ಮೇಲೊಂದಿಷ್ಟು, ನಿರುದ್ಯೋಗ ವಿಮೆ, ಮುಪ್ಪಿನಲ್ಲಿ ಆರೈಕೆಗೆಂದು ಇನ್ನೊಂದು ವಿಮೆ. ಕಂಪನಿಯೂ ಹೆಚ್ಚುಕಮ್ಮಿ ಅಷ್ಟೇ ಹಾಕುತ್ತದೆ. ಭಾರತದ ಸಂಬಳದಲ್ಲೇ ಇದ್ದುಕೊಂಡು ಹೋಗುವವರು ಇಲ್ಲಿಯ ಪಿ.ಎಫ್ ಕಚೇರಿಯಿಂದ ಸಿ.ಒ.ಸಿ ಅನ್ನುವ ಪ್ರಮಾಣಪತ್ರ ತೆಗೆದುಕೊಂಡರೆ ಅಲ್ಲಿ ಪೆನ್ಷನ್ ಕಟ್ಟಬೇಕಾಗಿಲ್ಲ. ಎರಡು ದೇಶಗಳ ನಡುವೆ ಅದಕ್ಕೂ ಒಪ್ಪಂದ ಇದೆ, ಈಗಿನದು 2017ರ ಮೇ ತಿಂಗಳಿಂದ ಜಾರಿಯಲ್ಲಿದೆ. ನನ್ನದು ಅಲ್ಲಿಯ ಒಪ್ಪಂದವಾದ್ದರಿಂದ ಈ ದಾರಿ ಇರಲಿಲ್ಲ.

2023ರ ವಸಂತದಲ್ಲಿ 2022ರ ಜರ್ಮನ್ ರಿಟರ್ನ್ಸ್ ಹಾಕಲು ಕೂತೆ. ಅಲ್ಲಿ ಸರಕಾರದ್ದೇ ಎಲ್‌ಸ್ಟರ್ ಎಂಬ ಪೋರ್ಟಲ್ ಇದೆ. ಖಾತೆ ತೆರೆಯೋದು ಆನ್‌ಲೈನ್, ಅದನ್ನು ಚಾಲೂ ಮಾಡುವ ಕೋಡ್ ಮಾತ್ರ ಅಂಚೆಯಲ್ಲಿ. ಇದು ಜರ್ಮನಿ. ಭಾಷೆ ಕಷ್ಟ ಅನ್ನುವವರಿಗೆ ಸಂಬಳದಾರರ ತೆರಿಗೆ ಸಹಾಯ ಸಂಘಗಳಿವೆ. ಆದಾಯಕ್ಕೆ ತಕ್ಕ ಹಾಗೆ ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕೊಟ್ಟರೆ ಅವರೇ ತುಂಬಿ ಕೊಡುತ್ತಾರೆ. ಖಾಸಗಿ ತೆರಿಗೆ ಸಲಹೆಗಾರರಿಗಿಂತ ಸೋವಿ. ನಾನು ಅಂಥ ಒಂದಕ್ಕೆ ಸೇರಿದೆ.

ನನ್ನ ಆಸೆ ಏನಿತ್ತು ಅಂದರೆ, 2022ರಲ್ಲಿ ನಾನು ಅಲ್ಲಿ ದುಡಿದದ್ದು ನವೆಂಬರ್, ಡಿಸೆಂಬರ್ ಎರಡೇ ತಿಂಗಳು. ಕಂಪನಿ ಕತ್ತರಿಸಿದ್ದು ವರ್ಷಪೂರ್ತಿ ಇದೇ ಸಂಬಳ ಅನ್ನುವ ಲೆಕ್ಕದಲ್ಲಿ. ಎರಡು ತಿಂಗಳ ಸಂಬಳ ತೆರಿಗೆ ಇಲ್ಲದ ಮಿತಿಯ ಆಸುಪಾಸಿನಲ್ಲೇ ಇರುತ್ತದೆ. ಅಂದಮೇಲೆ ಬಹುಪಾಲು ವಾಪಸ್ ಬರಬೇಕು, ಅಲ್ವಾ?

ಸಂಘದ ಹೆಂಗಸು ಕನ್ನಡಕದ ಮೇಲಿಂದ ನೋಡಿ, ಜನವರಿಯಿಂದ ಅಕ್ಟೋಬರ್‌ವರೆಗೆ ಭಾರತದಲ್ಲಿ ಎಷ್ಟು ದುಡಿದಿರಿ ಎಂದು ಕೇಳಿದರು. ವರ್ಷದ ಒಂದು ಭಾಗ ಮಾತ್ರ ಜರ್ಮನಿಯಲ್ಲಿದ್ದವರಿಗೆಂದೇ ಒಂದು ಪುಟ ಇದೆ, ಅದರಲ್ಲಿ ಇದನ್ನು ಬರೆಯಬೇಕು. ಭಾರತದ ಸಂಬಳಕ್ಕೆ ಅವರು ತೆರಿಗೆ ಹಾಕುವುದಿಲ್ಲ. ಆದರೆ ತೆರಿಗೆಯ ದರ ನಿರ್ಧರಿಸಲು ಅದನ್ನೂ ಸೇರಿಸಿಕೊಳ್ಳುತ್ತಾರೆ. ಉದಾಹರಣೆಗೆ ಅಲ್ಲಿ 10,000 ಯೂರೋ, ಇಲ್ಲಿ 15,000 ಯೂರೋದಷ್ಟು ದುಡಿದಿದ್ದರೆ, 25,000 ದುಡಿದವನಿಗೆ ಯಾವ ದರವೋ ಆ ದರವನ್ನು ಆ 10,000ಕ್ಕೆ ಹಾಕುತ್ತಾರೆ. ನೋಡಿದರೆ ನ್ಯಾಯವೇ. ಆದರೆ ಮನಸ್ಸಿನಲ್ಲಿ ಆಗಲೇ ರೀಫಂಡ್ ಖರ್ಚು ಮಾಡಿಕೊಂಡವನಿಗೆ ಅದು ನ್ಯಾಯ ಅನಿಸಲ್ಲ.

ಈಗ ಫಾರ್ಮ್ 16, ಅಂದರೆ ಕಂಪನಿ ಕೊಡುವ ವರ್ಷದ ಸಂಬಳ, ತೆರಿಗೆ ಪ್ರಮಾಣಪತ್ರದ ಗೋಳು. ನನ್ನ ಹತ್ತಿರ ಇದ್ದದ್ದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಅವರಿಗೆ ಬೇಕಾದದ್ದು ಜನವರಿಯಿಂದ. ಹೀಗಾಗಿ ಎರಡು ಹಣಕಾಸು ವರ್ಷಗಳ ಪೇಸ್ಲಿಪ್ಪುಗಳನ್ನು ಒಂದೊಂದಾಗಿ ಜೋಡಿಸಿ, ತಿಂಗಳವಾರು ಪಟ್ಟಿ ಮಾಡಿ, ಯೂರೋಗೆ ತಿರುಗಿಸಿ ಕೊಟ್ಟೆ. ಎಚ್.ಆರ್.ಎ (ಮನೆ ಬಾಡಿಗೆ ಭತ್ಯೆ), ಎಲ್.ಟಿ.ಎ (ರಜೆ ಪ್ರಯಾಣ ಭತ್ಯೆ) ಅಂದರೆ ಏನು ಅಂತ ಪಕ್ಕದಲ್ಲೇ ಬರೆದೆ. ಆಡಿಟರು ಸ್ಲಿಪ್ ಬೇರೆಬೇರೆ ಇಡು ಅಂದದ್ದು ಯಾಕೆ ಅಂತ ಆಗ ಸರಿಯಾಗಿ ತಲೆಗೆ ಹೋಯಿತು. ಹೊರಡುವವರು ದಯವಿಟ್ಟು ಕಂಪನಿಯ ಪೋರ್ಟಲ್‌ನಿಂದ ಹಿಂದಿನ ಎರಡು ವರ್ಷದ ಸ್ಲಿಪ್ ಇಳಿಸಿಕೊಂಡೇ ಹೋಗಿ. ಲಾಗಿನ್ ಬಂದ್ ಆದಮೇಲೆ ಎಚ್.ಆರ್‌ನವರ ಬೆನ್ನು ಹತ್ತುವುದು ಬೇಡ.

ಕೈಗೆ ಸ್ವಲ್ಪ ಬಲ ಕೊಟ್ಟದ್ದು ಎರಡು ಮನೆ ನಡೆಸುವವರಿಗೆ ಇರುವ ಕಡಿತ. ಬೆಂಗಳೂರಿನ ಮನೆ ಹಾಗೇ ಇತ್ತು, ಹೆಂಡತಿ ಅಲ್ಲೇ ಇದ್ದಳು, ಖರ್ಚಿನಲ್ಲಿ ನನ್ನ ಪಾಲೂ ಇತ್ತು. ಕೆಲಸಕ್ಕಾಗಿ ಎರಡನೇ ಮನೆ ಮಾಡಿದವರು ಅದರ ಬಾಡಿಗೆಯನ್ನು ತಿಂಗಳಿಗೆ 1,000 ಯೂರೋವರೆಗೆ ಆದಾಯದಿಂದ ಕಳೆಯಬಹುದು. ಮೊದಲ ಮೂರು ತಿಂಗಳು ಊಟದ ಖರ್ಚೆಂದು ಪೂರ್ತಿ ದಿನಕ್ಕೆ 28 ಯೂರೋ ಬೇರೆ. ಇದಕ್ಕೆ ಬೆಂಗಳೂರಿನ ಬಾಡಿಗೆ ಕರಾರು, ನನ್ನ ಖಾತೆಯಿಂದ ಮನೆ ಮಾಲೀಕರಿಗೆ ಹೋದ ಹಣದ ವಿವರ ಕೇಳಿದರು. ಕೊಟ್ಟೆ. ರೀಫಂಡ್ ಮಂಜೂರಾಯಿತು. ನಾನು ಲೆಕ್ಕ ಹಾಕಿದಷ್ಟಲ್ಲ, ಆದರೂ ಖುಷಿಪಡುವಷ್ಟು.

ಆ ಖುಷಿ ಬಸವನಗುಡಿವರೆಗೆ ಮಾತ್ರ ಬಂತು.

2022-23ರ ಭಾರತದ ರಿಟರ್ನ್ಸ್‌ನಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಇಲ್ಲಿಯ ಸಂಬಳ, ನವೆಂಬರ್‌ನಿಂದ ಮಾರ್ಚ್‌ವರೆಗಿನ ಅಲ್ಲಿಯ ಸಂಬಳ, ಎರಡೂ ಸೇರಬೇಕು. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅದಕ್ಕೆ ಫಾರ್ಮ್ 67. ಆದರೆ ಕಳೆಯುವುದಕ್ಕೂ ಮಿತಿ ಇದೆ. ಅದೇ ಆದಾಯಕ್ಕೆ ಇಲ್ಲಿ ಎಷ್ಟು ತೆರಿಗೆ ಬೀಳುತ್ತದೆ, ಅಲ್ಲಿ ಎಷ್ಟು ಕಟ್ಟಿದ್ದೀರಿ, ಎರಡರಲ್ಲಿ ಕಡಿಮೆ ಯಾವುದೋ ಅಷ್ಟು. ಅಲ್ಲಿ ಜಾಸ್ತಿ ಕಟ್ಟಿದ್ದರೆ ಇಲ್ಲಿಂದ ಬಿಡಿಗಾಸೂ ವಾಪಸ್ ಬರಲ್ಲ. ಅಲ್ಲಿ ಕಡಿಮೆ ಕಟ್ಟಿದ್ದರೆ ಮಿಕ್ಕದ್ದನ್ನು ಇಲ್ಲಿ ತುಂಬಬೇಕು.

ಈಗ ನೋಡಿ ತಮಾಷೆ. ಜರ್ಮನಿ ರೀಫಂಡ್ ಕೊಟ್ಟಮೇಲೆ ನವೆಂಬರ್, ಡಿಸೆಂಬರ್‌ಗೆ ನಾನು ಅಲ್ಲಿ ಕಟ್ಟಿದ ತೆರಿಗೆ ಕಡಿಮೆಯಾಯಿತು. ಕಡಿಮೆಯಾದಷ್ಟೂ ಇಲ್ಲಿ ಕಳೆದುಕೊಳ್ಳಲು ಸಿಗುವುದು ಕಡಿಮೆ. ಯೂರೋದಲ್ಲಿ ಬಂದ ಖುಷಿಯ ದೊಡ್ಡ ಭಾಗ ರೂಪಾಯಿಯಲ್ಲಿ ಹೋಯಿತು, ಸ್ವಲ್ಪ ಬಡ್ಡಿ ಸಮೇತ. ಇಲ್ಲಿಯ ಕಂಪನಿ ಟಿ.ಡಿ.ಎಸ್, ಅಂದರೆ ಮೊದಲೇ ತೆರಿಗೆ ಕಡಿತ, ಮಾಡಿದ್ದು ತಾನು ಕೊಟ್ಟ ಸಂಬಳಕ್ಕೆ ಮಾತ್ರ. ಅಲ್ಲಿಯದು ಸೇರಿದಾಗ ಸ್ಲ್ಯಾಬ್ ಮೇಲಕ್ಕೆ ಹೋಯಿತು. "ಎಲ್ಲೋ ಒಂದು ಕಡೆ ಕಟ್ಟಲೇಬೇಕಲ್ಲಪ್ಪಾ" ಎಂದು ಆಡಿಟರು ಸಮಾಧಾನ ಹೇಳಿದರು. ಅವರ ಮಾತು ಸರಿ. ಸರಿಯಾದ ಮಾತು ಕೇಳಿದಾಗೆಲ್ಲ ಸಮಾಧಾನ ಆಗಬೇಕೆಂದೇನೂ ಇಲ್ಲ.

ಎಕ್ಸೆಲ್ ಹಾಳೆಯನ್ನು ಹೇಗೆ ಮಾಡಿಕೊಂಡೆ ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಒಂದು ತಿಂಗಳಿಗೆ ಒಂದು ಸಾಲು. ಅಡ್ಡಕ್ಕೆ ಯೂರೋ ಸಂಬಳ, ಯೂರೋ ತೆರಿಗೆ, ಸ್ಟೇಟ್ ಬ್ಯಾಂಕ್ ದರ, ರೂಪಾಯಿ ಸಂಬಳ, ರೂಪಾಯಿ ತೆರಿಗೆ, ಜರ್ಮನಿಯ ವರ್ಷ, ಭಾರತದ ವರ್ಷ. 2023ರ ಜನವರಿಯ ಸಾಲು ನೋಡಿ: ಜರ್ಮನಿಗೆ 2023, ಭಾರತಕ್ಕೆ 2022-23. ಸ್ಟೇಟ್ ಬ್ಯಾಂಕ್ ದರ ಅಂದರೆ ಅವರು ವಿದೇಶಿ ಹಣ ಕೊಳ್ಳುವ ಟಿ.ಟಿ ದರ. ಅದೂ ಹಿಂದಿನ ತಿಂಗಳ ಕೊನೆಯ ದಿನದ್ದು. ಜನವರಿ ಸಂಬಳಕ್ಕೂ, ಜನವರಿಯಲ್ಲಿ ಕತ್ತರಿಸಿದ ತೆರಿಗೆಗೂ ಡಿಸೆಂಬರ್ 31ರ ದರ. ಬ್ಯಾಂಕಿನವರು ದಿನಾ ದರದ ಪಿ.ಡಿ.ಎಫ್ ಹಾಕುತ್ತಾರೆ, ಆದರೆ ಹಳೆಯದನ್ನು ಆಮೇಲೆ ಹುಡುಕಿ ತೆಗೆಯುವುದು ತಲೆನೋವು. ತಿಂಗಳ ಕೊನೆಗೆ ಒಂದು ಇಳಿಸಿಟ್ಟುಕೊಂಡರೆ ಮುಗಿಯಿತು. ನಾನು ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ.

ನವೆಂಬರ್, ಡಿಸೆಂಬರ್ ಸಾಲಿಗೆ ಜರ್ಮನಿಯ ಅಂತಿಮ ತೆರಿಗೆ ಆದೇಶವೇ ಕೈಯಲ್ಲಿತ್ತು. ಜನವರಿಯಿಂದ ಮಾರ್ಚ್‌ವರೆಗಿನ ಸಾಲುಗಳಿಗೆ ಏನು ದಾಖಲೆ? 2023 ಇನ್ನೂ ಮುಗಿದೇ ಇಲ್ಲ, ಅದರ ಆದೇಶ ಬರುವುದು 2024ಕ್ಕೆ. ಇಲ್ಲಿಯ ಗಡುವು 2023ರ ಜುಲೈ 31. ನಮ್ಮ ಆದಾಯ ತೆರಿಗೆ ನಿಯಮಗಳಲ್ಲಿ 128ನೆಯದು ಇದಕ್ಕೆ ದಾರಿ ಬಿಟ್ಟಿತ್ತು. ಅಲ್ಲಿಯ ತೆರಿಗೆ ಇಲಾಖೆಯ ಪತ್ರವೇ ಬೇಕೆಂದಿಲ್ಲ. ತೆರಿಗೆ ಕತ್ತರಿಸಿದ ಕಂಪನಿಯ ಹೇಳಿಕೆ ಆಗುತ್ತದೆ, ಇಲ್ಲವೇ ನಾವೇ ಸಹಿ ಮಾಡಿದ ಪಟ್ಟಿ, ಜೊತೆಗೆ ಕಡಿತದ ಪುರಾವೆ. ನಾನು ಪೇಸ್ಲಿಪ್‌ಗಳನ್ನು ಲಗತ್ತಿಸಿದೆ. ಫಾರ್ಮ್ 67 ಹಾಕುವುದಕ್ಕೆ ಆಯಾ ಅಸೆಸ್‌ಮೆಂಟ್ ವರ್ಷದ (ದುಡಿದ ಹಣಕಾಸು ವರ್ಷದ ಮುಂದಿನ ವರ್ಷ) ಕೊನೆಯವರೆಗೆ ಸಮಯ ಇತ್ತು, 2022ರಲ್ಲಿ ನಿಯಮ ಹೀಗೆ ಸಡಿಲವಾಯಿತು. ಅದಕ್ಕೂ ಮುಂಚೆ ಫಾರ್ಮ್ ತಡವಾಯಿತೆಂದು ಅಲ್ಲಿಯ ತೆರಿಗೆ ಕಳೆಯಲು ಬಿಡದೇ ಇದ್ದ ಪ್ರಕರಣಗಳಿದ್ದವು. ಬೆಂಗಳೂರಿನ ಆದಾಯ ತೆರಿಗೆ ನ್ಯಾಯಮಂಡಳಿ ಅಂಥದ್ದೊಂದರಲ್ಲಿ, ಫಾರ್ಮ್ ತಡವಾದ ಮಾತ್ರಕ್ಕೆ ಹಕ್ಕು ಹೋಗಲ್ಲ ಎಂದು ಹೇಳಿತ್ತು. ಆದರೂ ಫಾರ್ಮ್ ಮೊದಲು, ರಿಟರ್ನ್ಸ್ ಆಮೇಲೆ ಅಂತ ಹಾಕಿದರೆ ರಗಳೆ ಕಡಿಮೆ.

ಇನ್ನೊಂದು ಶೆಡ್ಯೂಲ್ ಎಫ್.ಎ. ನಿವಾಸಿಯಾಗಿರುವ ವರ್ಷದ ರಿಟರ್ನ್ಸ್‌ನಲ್ಲಿ ಹೊರದೇಶದ ಬ್ಯಾಂಕ್ ಖಾತೆ, ಶೇರು ಎಲ್ಲ ತೋರಿಸಬೇಕು. ಇಲ್ಲಿ ಮತ್ತೆ ಕ್ಯಾಲೆಂಡರ್ ಆಟ: ನಮ್ಮದೇ ಫಾರ್ಮ್, ಆದರೆ ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ವಿವರ. ಸಂಬಳ ಬೀಳುವ ಮಾಮೂಲಿ ಖಾತೆಯೂ ಸೇರಿ, ವರ್ಷದಲ್ಲಿ ಅತಿ ಹೆಚ್ಚು ಎಷ್ಟು ಹಣ ಇತ್ತು ಅಂತ ಬರೆಯಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶ ಇದೆ. 2024ರ ಅಕ್ಟೋಬರ್‌ನಿಂದ, ಮನೆ ಜಮೀನು ಬಿಟ್ಟು ಉಳಿದದ್ದೆಲ್ಲ ಸೇರಿ 20 ಲಕ್ಷದೊಳಗಿದ್ದರೆ ಆ ದಂಡ ಇಲ್ಲ. ಹಾಗೆಂದು ತೋರಿಸದೇ ಇರುವ ಹಾಗಿಲ್ಲ. ಎರಡೂ ದೇಶಗಳು 2017ರಿಂದ ಬ್ಯಾಂಕ್ ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುತ್ತಿವೆ. "ಯಾರಿಗೆ ಗೊತ್ತಾಗುತ್ತೆ" ಅನ್ನುವ ಕಾಲ ಹೋಯಿತು.

ಮಧ್ಯದ ವರ್ಷ, ಅಂದರೆ 2023-24, ಆರಾಮಾಗಿತ್ತು. ತಂಗಿ ಮದುವೆಗೆಂದು ಕೆಲವು ವಾರ ಬಂದದ್ದು ಬಿಟ್ಟರೆ ಪೂರ್ತಿ ಹೊರಗೇ ಇದ್ದೆ. ಅನಿವಾಸಿ. ಜರ್ಮನ್ ಸಂಬಳ ಇಲ್ಲಿಯ ಲೆಕ್ಕದಲ್ಲಿಲ್ಲ, ಎಫ್.ಎ ತುಂಬಬೇಕಾಗಿಲ್ಲ. ಇಲ್ಲಿಯ ಉಳಿತಾಯ ಖಾತೆಯನ್ನು ಎನ್.ಆರ್.ಒ, ಅಂದರೆ ಅನಿವಾಸಿಗಳ ಖಾತೆ ಮಾಡಿಸಬೇಕು, ಅದರ ಬಡ್ಡಿಗೆ ಬ್ಯಾಂಕು ಟಿ.ಡಿ.ಎಸ್ ಕತ್ತರಿಸುತ್ತದೆ. ಅಷ್ಟೇ.

ಆ ಏಪ್ರಿಲ್‌ನಲ್ಲಿ ಹೆಂಡತಿ ಕೆಲಸ ಬಿಟ್ಟು ಜರ್ಮನಿಗೆ ಬಂದಳು. ಮದುವೆ ನೋಂದಣಿ ಪತ್ರ, ಅದರ ಜರ್ಮನ್ ಅನುವಾದ ಕೊಟ್ಟು ಗಂಡ ಹೆಂಡತಿ ಲೆಕ್ಕದ ಮೂರನೇ ತೆರಿಗೆ ವರ್ಗಕ್ಕೆ ಬದಲಾಯಿಸಿಕೊಂಡೆ. ಕೈಗೆ ಬರುವ ಸಂಬಳ ಥಟ್ಟನೆ ಜಾಸ್ತಿಯಾಯಿತು. ಗಂಡ ಹೆಂಡತಿ ವರ್ಷದ ನಡುವೆ ಒಟ್ಟಿಗೆ ಸೇರಿದರೂ ಆ ಇಡೀ ವರ್ಷಕ್ಕೆ ಜಂಟಿ ರಿಟರ್ನ್ಸ್ ಹಾಕಬಹುದು, ಇದು ಅಲ್ಲಿಯ ಒಳ್ಳೆಯ ನಿಯಮ. ಅವಳ ಜನವರಿಯಿಂದ ಮಾರ್ಚ್‌ವರೆಗಿನ ಬೆಂಗಳೂರಿನ ಸಂಬಳ ದರದ ಲೆಕ್ಕಕ್ಕೆ ಸೇರಿತು. ಆದರೂ 2024ರಲ್ಲಿ ಬಂದ ರೀಫಂಡ್ ದೊಡ್ಡದಿತ್ತು.

ದೊಡ್ಡದಾದದ್ದೇ ತೊಂದರೆ. ಜಂಟಿ ಲೆಕ್ಕ ಅಂದರೆ ಜನವರಿಯಿಂದ ಮಾರ್ಚ್‌ವರೆಗಿನ ತೆರಿಗೆಯೂ ಇಳಿಯಿತು. ಆ ಮೂರು ತಿಂಗಳ ತೆರಿಗೆಯನ್ನು ಪೇಸ್ಲಿಪ್ ತೋರಿಸಿ ಇಲ್ಲಿ ಆಗಲೇ ಕಳೆದುಕೊಂಡಾಗಿತ್ತು. 2022-23ರ ರಿಟರ್ನ್ಸ್ ಪರಿಷ್ಕರಿಸುವ ಗಡುವು 2023ರ ಡಿಸೆಂಬರ್‌ಗೇ ಮುಗಿದಿತ್ತು. ಉಳಿದದ್ದು ಐ.ಟಿ.ಆರ್-ಯು, ಅಂದರೆ ತಡವಾಗಿ ತೆರಿಗೆ ಒಪ್ಪಿಕೊಂಡು ಕಟ್ಟುವವರ ಫಾರ್ಮ್. ಅಸೆಸ್‌ಮೆಂಟ್ ವರ್ಷ ಮುಗಿದು 12 ತಿಂಗಳೊಳಗೆ ಹಾಕಿದರೆ, ಕಟ್ಟಬೇಕಾದ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇಕಡಾ 25 ಹೆಚ್ಚುವರಿ. ಗಡುವಿಗೆ ಸರಿಯಾಗಿ ರಿಟರ್ನ್ಸ್ ಹಾಕಿ, ಆಗ ಇದ್ದ ದಾಖಲೆಯನ್ನೇ ಕೊಟ್ಟವನೂ ಈ 25 ಕಟ್ಟಬೇಕು. ಜರ್ಮನಿಯ ಆದೇಶ ನಮ್ಮ ಗಡುವಿಗೆ ಮೊದಲೇ ಬರುವುದು ಸಾಧ್ಯವೇ ಇಲ್ಲದಿರುವಾಗ ಇದಕ್ಕೊಂದು ದಂಡವಿಲ್ಲದ ದಾರಿ ಇರಬೇಕಿತ್ತು. "ಸಾರ್, ಇದು ಯಾವ ನ್ಯಾಯ?" ಎಂದು ಫೋನಿನಲ್ಲಿ ಕೇಳಿದೆ. "ನ್ಯಾಯ ಕೇಳೋಕೆ ನಾನು ಜಡ್ಜ್ ಅಲ್ಲಪ್ಪಾ, ಆಡಿಟರು. ಚಲನ್ ಕಳಿಸ್ತೀನಿ" ಎಂದರು. ಕಟ್ಟಿದೆ.

ವಾಪಸ್ ಬರುವಾಗ ಇನ್ನೊಂದು ಸಂದಿ. 2024ರ ಜುಲೈ ಕೊನೆಗೆ ಬಂದೆವು. ಆಗಸ್ಟ್‌ನಿಂದ ಮಾರ್ಚ್‌ವರೆಗೆ ಇಲ್ಲೇ, ಹಾಗಾಗಿ 2024-25ಕ್ಕೆ ಮತ್ತೆ ನಿವಾಸಿ. ಏಪ್ರಿಲ್‌ನಿಂದ ಜುಲೈವರೆಗಿನ ಜರ್ಮನ್ ಸಂಬಳ ಇಲ್ಲಿಯ ಲೆಕ್ಕಕ್ಕೂ ಬಂತು. ಬಹಳ ವರ್ಷ ಹೊರಗಿದ್ದು ಬಂದವರಿಗೆ ನಡುವಿನ ಒಂದು ಸ್ಥಾನ ಸಿಗುತ್ತದೆ, ಅವರ ಹೊರದೇಶದ ಆದಾಯಕ್ಕೆ ಕೆಲಕಾಲ ಇಲ್ಲಿ ತೆರಿಗೆ ಇಲ್ಲ. ಅದಕ್ಕೆ ಹಿಂದಿನ ಹತ್ತರಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿರಬೇಕು, ಇಲ್ಲವೇ ಹಿಂದಿನ ಏಳು ವರ್ಷದಲ್ಲಿ ಭಾರತದಲ್ಲಿ 729 ದಿನಕ್ಕಿಂತ ಜಾಸ್ತಿ ಇದ್ದಿರಬಾರದು. ಒಂದೆರಡು ವರ್ಷ ಹೋಗಿ ಬರುವ ನಮ್ಮಂಥವರಿಗೆ ಅದು ಸಿಗಲ್ಲ.

ಹೋಗುವಾಗ ಇದ್ದ 182 ದಿನದ ಅನುಕೂಲ ಬರುವಾಗಲೂ ಇದೆ ಎಂದು ತುಂಬಾ ಜನ ನಂಬಿದ್ದಾರೆ. ಕೆಲಸಕ್ಕೆಂದು ಹೊರಡುವ ವರ್ಷಕ್ಕೆ, ರಜೆಗೆ ಬಂದು ಹೋಗುವುದಕ್ಕೆ ಆ ರಿಯಾಯಿತಿ. ಕಾಯಂ ಆಗಿ ವಾಪಸ್ ಬರುವವರು ಹಿಂದಿನ ನಾಲ್ಕು ವರ್ಷದಲ್ಲಿ 365 ದಿನ ಇಲ್ಲಿದ್ದಿದ್ದರೆ, ಬಂದ ವರ್ಷದಲ್ಲಿ 60 ದಿನ ಸಾಕು ನಿವಾಸಿ ಆಗಲು ಎಂದೇ ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ. ಅಂದರೆ ಡಿಸೆಂಬರ್‌ನಲ್ಲಿ ಬಂದರೂ ನಿವಾಸಿ. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರುಗಳು ಬೇರೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷ ಮಾತ್ರ ಹಾಗೇ ಇದೆ.

ದುಬೈಗೆ ಹೋಗುವವರಿಗೂ ಒಂದು ಮಾತು. ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ ಎಂದು ನವೆಂಬರ್‌ನಲ್ಲಿ ಹೊರಟರೆ, ಮಾರ್ಚ್‌ವರೆಗಿನ ಸಂಬಳಕ್ಕೆ ಇಲ್ಲಿ ಪೂರ್ತಿ ತೆರಿಗೆ ಬೀಳುತ್ತದೆ. ಕಳೆದುಕೊಳ್ಳಲು ಅಲ್ಲಿ ಕಟ್ಟಿದ್ದು ಏನೂ ಇರಲ್ಲ. ನನ್ನದಾದರೂ ಅರ್ಧಕ್ಕರ್ಧ ಹೊಂದಿಕೆಯಾಯಿತು.

ಎರಡನೇ ಸಂದಿಯಲ್ಲಿ ಆಡಿಟರು ಕ್ರಮ ಬದಲಿಸಿದರು. ಮೊದಲು ಜರ್ಮನಿ, ಅಲ್ಲಿಯ ಆದೇಶ ಬಂದಮೇಲೆ ಇಲ್ಲಿ. ನಾವಿಬ್ಬರೂ ಹೊರಡುವ ಮುಂಚೆ ನೋಂದಣಿ ರದ್ದು ಮಾಡಿಸಿದ್ದೆವು. ತೆರಿಗೆ ಕಚೇರಿಗೆ ಪತ್ರ ಬರೆದು, ಕಾಗದಗಳನ್ನು ಧಾರವಾಡದ ಆ ಸಹೋದ್ಯೋಗಿಯ ವಿಳಾಸಕ್ಕೆ ಕಳಿಸಲು ಅಧಿಕಾರ ಕೊಟ್ಟಿದ್ದೆ. ಇದು ಮುಖ್ಯ. ಆದೇಶ ತಲುಪಿದಮೇಲೆ ಆಕ್ಷೇಪಣೆ ಹಾಕಲು ಇರುವುದು ಒಂದೇ ತಿಂಗಳು. ಬೆಂಗಳೂರಿಗೆ ಅಂಚೆ ಬರುವಷ್ಟರಲ್ಲಿ ಅರ್ಧ ಸಮಯ ಹೋಗಿರುತ್ತದೆ. ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಬೆಂಗಳೂರಿನ ಸಂಬಳವನ್ನು ಅದೇ ಹಳೆಯ ಪುಟದಲ್ಲಿ ತೋರಿಸಿ 2025ರ ಮಾರ್ಚ್‌ನಲ್ಲಿ ಕಳಿಸಿದೆ.

ಆದೇಶ ಬಂದದ್ದು ಜುಲೈನಲ್ಲಿ. ಮೇ ಕೊನೆಯಲ್ಲೇ ನಮ್ಮ ಗಡುವನ್ನು ಸೆಪ್ಟೆಂಬರ್‌ಗೆ ಮುಂದೂಡಿದ್ದರಿಂದ ಆತುರ ಇರಲಿಲ್ಲ. ಆದೇಶದಲ್ಲಿ ಇದ್ದದ್ದು ಏಳು ತಿಂಗಳ ಒಟ್ಟು ತೆರಿಗೆ. ಅದರಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಪಾಲು ನಾನು ಅನಿವಾಸಿಯಾಗಿದ್ದ ವರ್ಷದ್ದು, ಇಲ್ಲಿ ಕಳೆಯುವ ಹಾಗಿಲ್ಲ. ಏಪ್ರಿಲ್‌ನಿಂದ ಜುಲೈವರೆಗಿನ ಸಂಬಳಕ್ಕೆ ತಕ್ಕ ಪಾಲನ್ನು ಮಾತ್ರ ಬೇರ್ಪಡಿಸಿ ಫಾರ್ಮ್ 67ರಲ್ಲಿ ಬರೆದೆವು. ಲೆಕ್ಕದ ಹಾಳೆಗೆ ನಾನೇ ಸಹಿ ಹಾಕಿದೆ. ಈ ಸಲ ಹೆಚ್ಚುವರಿ ಶೇಕಡಾ 25 ಇಲ್ಲ, ಬಡ್ಡಿಯೂ ನಾಮಕಾವಸ್ತೆ.

ರೀಫಂಡ್‌ಗಾಗಿ ಅಲ್ಲಿಯ ಬ್ಯಾಂಕ್ ಖಾತೆಯನ್ನು ಮುಚ್ಚದೆ ಇಟ್ಟುಕೊಂಡಿದ್ದೆ. ಹಣ ಬಿದ್ದ ಮೇಲೆ 2025ರ ಆಗಸ್ಟ್‌ನಲ್ಲಿ ಮುಚ್ಚಿಸಿದೆ. ಆ ವರ್ಷ ಕೆಲವು ತಿಂಗಳು ಖಾತೆ ಇತ್ತಲ್ಲ, ಹಾಗಾಗಿ 2025-26ರ ರಿಟರ್ನ್ಸ್‌ನ ಎಫ್.ಎಯಲ್ಲೂ ಅದು ಬರುತ್ತದೆ. ಪೆನ್ಷನ್‌ಗೆ ಕಟ್ಟಿದ 9.3ರ ಪಾಲು ಇನ್ನೂ ಅಲ್ಲೇ ಇದೆ. 60 ತಿಂಗಳಿಗಿಂತ ಕಡಿಮೆ ಕಟ್ಟಿ ಹೊರಟ ಭಾರತೀಯರು ಎರಡು ವರ್ಷ ಕಾದು ತಮ್ಮ ಪಾಲನ್ನು ವಾಪಸ್ ಕೇಳಬಹುದು, ಕಂಪನಿಯ ಪಾಲು ಸಿಗಲ್ಲ. ಅರ್ಜಿಯನ್ನು 2026ರ ಆಗಸ್ಟ್‌ನಿಂದ ಹಾಕಬಹುದು. ಅದು ಬಂದರೆ ಯಾವ ವರ್ಷದ ಲೆಕ್ಕಕ್ಕೆ ಬರುತ್ತದೆ ಅಂತ ಆಡಿಟರನ್ನು ಈಗಲೇ ಕೇಳಿಟ್ಟಿದ್ದೇನೆ. "ಮೊದಲು ಬರಲಿ ಬಿಡಪ್ಪಾ" ಎಂದಿದ್ದಾರೆ.